ಗ್ಲುಟಮಿನ್ ಮೇಡಂ

ನಮ್ಮ ಮೇಡಂ ಅವರ ಬೆರಳ ತುದಿಗಳು ಸದಾ ಒಣಗಿ ಬಿರಿದಿರುತ್ತಿದ್ದವು. ಲ್ಯಾಬಿನಲ್ಲಿ ಕೈಗೆ ಸ್ಪಿರಿಟ್ ಉಜ್ಜಿಕೊಳ್ಳದೆ ಅವರು ಒಂದು ಬಾಟಲಿಯನ್ನೂ ಮುಟ್ಟಿದವರಲ್ಲ. ತೊಂಬತ್ತರ ದಶಕದ ಕೊನೆಗೆ ಮೂಡುಬಿದಿರೆಯ ಕಾಲೇಜಿನಲ್ಲಿ ನಮಗೆ ಜೀವರಸಾಯನಶಾಸ್ತ್ರ ಕಲಿಸುತ್ತಿದ್ದರು. ಕೊಕ್ಕಡದ ಕಡೆಯವರು. ಪಾಣೆಮಂಗಳೂರಿನಿಂದ ಬಸ್ ಬದಲಿಸಿ ತಡವಾಗಿ ಬರುವ ನನಗೆ ಬೈಗುಳ ಖಾಯಂ: "ಎಂಥ ಮಾರಾಯ್ತಿ, ಕೋಶಗಳು ನಿನ್ನ ಬಸ್ಸಿಗೆ ಕಾಯ್ತವಾ?"

ಅವರೊಳಗೊಂದು ಹಳೆಯ ಉರಿ ಇತ್ತು. ಸಂಶೋಧನೆಯ ದಿನಗಳಲ್ಲಿ ಅವರು ಕಂಡುಕೊಂಡದ್ದು ಇಷ್ಟು: ಕರುಳಿನ ಕೋಶಗಳಿಗೆ ಮೊದಲೇ ಗ್ಲುಟಮಿನ್ ಎಂಬ ಅಮೈನೋ ಆಮ್ಲ ಉಣಿಸಿದರೆ, ಬಿಸಿ ತಾಗಿದಾಗ ಅವು ತಮ್ಮನ್ನು ಕಾಯುವ ಪ್ರೋಟೀನನ್ನು ಹೆಚ್ಚು ತಯಾರಿಸಿಕೊಂಡು ಬದುಕುತ್ತವೆ. ಅವರ ಗೈಡ್ ಮಹಾಶಯರು ಅದನ್ನು ತಮ್ಮ ಮತ್ತು ತಮ್ಮ ಅಳಿಯನ ಹೆಸರಿನಲ್ಲಿ ಲೇಖನವಾಗಿ ಅಚ್ಚು ಹಾಕಿಸಿದರು. ಕೇಳಿದ್ದಕ್ಕೆ, "ನಿನಗೆ ಹೇಗೂ ಮದುವೆ ಉಂಟಲ್ಲ" ಎಂದರಂತೆ. ಮೇಡಂ ಮದುವೆಯಾಗಲಿಲ್ಲ. "ಅವರನ್ನು ನಾನು ಸುಮ್ಮನೆ ಬಿಡ್ಲಿಕ್ಕಿಲ್ಲ" ಎಂದು ನಮ್ಮೆದುರೇ ಹೇಳುತ್ತಿದ್ದರು.

ಒಮ್ಮೆ ಕಾಲೇಜಿನ ವಿಚಾರ ಸಂಕಿರಣಕ್ಕೆ ಅದೇ ಗೈಡ್ ಮುಖ್ಯ ಅತಿಥಿಯಾಗಿ ಬಂದು ಅದೇ ಕೆಲಸದ ಬಗ್ಗೆ ಮಾತಾಡಿದರು. ಮೇಡಂ ವಂದನಾರ್ಪಣೆಯನ್ನು ಕೇಳಿ ಪಡೆದಿದ್ದರು. ಅದಕ್ಕೆ ಮೊದಲು ನನ್ನಿಂದ ಒಂದು ಪ್ರಶ್ನೆ ಕೇಳಿಸಿದರು: ಗ್ಲುಟಮಿನನ್ನು ಎಷ್ಟು ದಿನಕ್ಕೊಮ್ಮೆ ನೀರಿನಲ್ಲಿ ಕರಗಿಸಬೇಕು?

"ಒಮ್ಮೆ ಕರಗಿಸಿ ಫ್ರಿಜ್ಜಿನಲ್ಲಿ ಇಟ್ಟರೆ ವರ್ಷಕ್ಕೆ ಸಾಕಮ್ಮ" ಎಂದರು ಅವರು.

ಮೇಡಂ ಮೈಕಿನ ಮುಂದೆ ನಿಂತರು. "ಕರಗಿಸಿದ ಗ್ಲುಟಮಿನ್ ಫ್ರಿಜ್ಜಿನಲ್ಲಿ ಕೂಡ ಕೆಡ್ತದೆ. ವಾರ ವಾರ ಹೊಸತು ಕರಗಿಸ್ತಾ ಇದ್ದದ್ದು ನಾನು. ತಾವು ಮಾಡದ ಕೆಲಸದ ಬಗ್ಗೆ ಇಷ್ಟು ಚೆಂದ ಮಾತಾಡಿದ್ದಕ್ಕೆ ಧನ್ಯವಾದ, ಸರ್."

ಪ್ರಾಂಶುಪಾಲರು ತಲೆಯೆತ್ತಿ ಫ್ಯಾನ್ ನೋಡುತ್ತಾ ಕೂತುಬಿಟ್ಟರು. ನನಗಂತೂ ಹೊಟ್ಟೆ ತಣ್ಣಗಾಯಿತು.

ಆದರೂ ಆ ಲೇಖನದ ಮೇಲೆ ಮೇಡಂ ಹೆಸರು ಬರಲೇ ಇಲ್ಲ. ಕೆಲವು ವರ್ಷಗಳಲ್ಲಿ ಮೇಡಂ ಕ್ಯಾನ್ಸರಿನಿಂದ ತೀರಿಕೊಂಡರು. ಅಷ್ಟರಲ್ಲಿ ನಾನೂ ಅಲ್ಲಿ ಉಪನ್ಯಾಸಕಿಯಾಗಿದ್ದೆ. ಶ್ರದ್ಧಾಂಜಲಿ ಸಭೆಯ ನಿರೂಪಣೆ ನನ್ನದೇ. ಗೈಡ್ ಬಿಳಿ ಶಾಲು ಹೊದ್ದು ಬಂದರು. "ನನ್ನ ಶಿಷ್ಯೆ ಅಲ್ವಾ, ಎರಡು ಮಾತು ಆಡ್ತೇನೆ" ಎಂದರು. ಎಂಥ ಭಂಡ ಧೈರ್ಯ.

"ಕೂತ್ಕೊಳ್ಳಿ ಸರ್" ಎಂದೆ.

ಮೇಡಂ ಮಾಡಿದ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಅದನ್ನು ಕದ್ದವರು ಇದೇ ಸಭೆಯಲ್ಲಿದ್ದಾರೆ ಎಂದೂ ಹೇಳಿದೆ. ಅವರು ತಡೆಯಲಾರದೆ ಎದ್ದು ಮೈಕಿನತ್ತ ಬಂದರು.

"ಈಗ ಒಂದು ನಿಮಿಷ ಮೌನ ಪ್ರಾರ್ಥನೆ" ಎಂದೆ.

ಸಭೆಯೆಲ್ಲ ಎದ್ದು ನಿಂತಿತು. ತೆರೆದ ಬಾಯನ್ನು ಅವರು ಮುಚ್ಚಿಕೊಳ್ಳಲೇಬೇಕಾಯಿತು. ನಿಮಿಷ ಮುಗಿದದ್ದೇ ನಾನು ಸಭೆಯನ್ನೂ ಮುಗಿಸಿ ಮೈಕ್ ಆಫ್ ಮಾಡಿದೆ.