ಎಲ್ಲರೂ ಒಟ್ಟಿಗೆ ಬಂದರೆ

ಜಾವಳಿಯ ತೋಟದ ಕಣದಲ್ಲಿ ಹರವಿದ್ದ ಕಾಫಿಯ ಮೇಲೆ ಬೂಟುಗಾಲು ಇಟ್ಟದ್ದೇ ತಡ, ಫೈನಾನ್ಸ್ ಕಂಪನಿಯ ಏಜೆಂಟ್ ಗಿರಿ ಹದಿನಾರು ಹೆಂಗಸರ ಎದುರು ಅಂಗಾತ ಬಿದ್ದ. ಫೈಲು ಒಂದು ಕಡೆ, ಕನ್ನಡಕ ಇನ್ನೊಂದು ಕಡೆ.

"ಕಾಫಿಗೇನಾದ್ರೂ ಆಯ್ತೇನ್ರೇ?" ಎಂದು ಮೇಸ್ತ್ರಿ ಪಾಪಮ್ಮ ತನ್ನ ಗುಂಪನ್ನು ಕೇಳಿದಳು. ಗಿರಿಯನ್ನು ಯಾರೂ ಕೇಳಲಿಲ್ಲ.

ಪಾಪಮ್ಮನಿಗೆ ಐವತ್ತೆಂಟು. ಮದುವೆಯಾಗಿ ಬಂದ ವರ್ಷವೇ ಕಾಫಿ ಕುಯ್ಯಲು ನಿಂತವಳು. ಈಗ ಈ ಹದಿನಾರು ಜನರನ್ನು ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಸುತ್ತುತ್ತಾಳೆ. ಬೆಳಗಿನ ಹಾಜರಿಯಲ್ಲಿ ಒಬ್ಬಳು ಕಮ್ಮಿಯಾದರೂ ಕೆಲಸ ಶುರುಮಾಡಿಸುವವಳಲ್ಲ. ಗಿರಿಯ ಮಾತು ನಂಬಿ ಐದು ವರ್ಷದ ಅವಧಿಗೆ ಅರವತ್ತು ಸಾವಿರದ ಸರ್ಟಿಫಿಕೇಟ್ ಕೊಂಡಿದ್ದಳು. ಅವಧಿ ಮುಗಿಯಲು ಇನ್ನೂ ಎಂಟು ತಿಂಗಳಿತ್ತು. ಅಷ್ಟರಲ್ಲಿ ಗುಂಪನ್ನು ಕೂರಿಸಿಕೊಂಡು ಹೋಗಲು ಮೂಡಿಗೆರೆಯಲ್ಲೊಂದು ಹಳೇ ಜೀಪು ಕಣ್ಣಿಗೆ ಬಿದ್ದಿತ್ತು. ಸೋಮವಾರದೊಳಗೆ ಮುಂಗಡ ಕೊಡದಿದ್ದರೆ ಜೀಪು ಬೇರೆಯವರ ಪಾಲು. ಅದಕ್ಕೇ ಸರ್ಟಿಫಿಕೇಟಿನ ದುಡ್ಡು ಈಗಲೇ ವಾಪಸು ಬೇಕೆಂದು ಗಿರಿಯನ್ನು ಕರೆಸಿದ್ದಳು.

"ಈಗ ಕೊಡಕ್ಕಾಗಲ್ಲ ಪಾಪಮ್ಮ. ದುಡ್ಡನ್ನ ಕಂಪನಿ ಬೇರೆಯವ್ರಿಗೆ ಸಾಲ ಕೊಟ್ಟಿದೆ," ಎಂದ ಗಿರಿ, ಸೊಂಟ ಉಜ್ಜಿಕೊಳ್ಳುತ್ತ.

"ಅಷ್ಟೂನೂವಾ?"

"ಇಲ್ಲ. ನೂರಕ್ಕೆ ಹದಿನೈದು ರೂಪಾಯಿ ಮೀಸಲು ಇಡ್ಲೇಬೇಕು ಅಂತ ಕಾನೂನು. ಅದು ಬ್ಯಾಂಕಲ್ಲಿ ಭದ್ರವಾಗಿದೆ."

"ಹಂಗಾದ್ರೆ ಅದರಲ್ಲೇ ಕೊಡಿ."

"ಅದನ್ನ ಮುಟ್ಟೋ ಹಾಗಿಲ್ಲ."

"ಮುಟ್ಟಬಾರದ ದುಡ್ಡು ಯಾಕೆ ಮಾರಾಯ್ರೆ ಇಟ್ಕೊಂಡಿದೀರಿ?"

"ಎಲ್ಲರೂ ಒಟ್ಟಿಗೆ ಬಂದು ಕೇಳಿದ್ರೆ ಕೊಡೋಕೆ."

"ಒಬ್ಬಳು ಕೇಳಿದ್ರೆ ಇಲ್ಲ, ಎಲ್ಲಾರೂ ಕೇಳಿದ್ರೆ ಉಂಟು?"

ಗಿರಿಗೆ ತರಬೇತಿಯಲ್ಲಿ ಹೇಳಿಕೊಟ್ಟಾಗ ಇದೆಲ್ಲ ಸರಿಯಾಗಿಯೇ ಇತ್ತು. ಎಲ್ಲರೂ ನೂರು ಕೇಳಲು ಬಂದರೆ ಹದಿನೈದು ಸಾಲುವುದಾದರೂ ಹೇಗೆ ಎಂಬುದು ಈಗಷ್ಟೇ ಹೊಳೆದು, ವಾಪಸು ಹೋಗುವಾಗ ಬೈಕನ್ನು ಎರಡು ಸಲ ತಪ್ಪು ದಾರಿಗೆ ತಿರುಗಿಸಿದ.

ಸೋಮವಾರ ಬೆಳಿಗ್ಗೆ ಮೂಡಿಗೆರೆಯ ಆಫೀಸಿನ ಬಾಗಿಲು ತೆರೆದರೆ, ಮೆಟ್ಟಿಲಿನಿಂದ ಪಕ್ಕದ ಬೇಕರಿಯವರೆಗೆ ಹೆಂಗಸರ ಸಾಲು, ಮುಂದೆ ಪಾಪಮ್ಮ. ಬೇಕರಿಯಲ್ಲಿ ಪಫ್ಸ್ ತಿನ್ನುತ್ತಿದ್ದವರೂ ಏನಿರಬಹುದೆಂದು ಹಿಂದೆ ಬಂದು ನಿಂತರು. "ಕಂಪನಿ ಮುಳುಗ್ತಂತೆ," ಎಂದು ಅವರಲ್ಲೊಬ್ಬ ತಿಳಿದವನಂತೆ ಹೇಳಿದ.

ಮ್ಯಾನೇಜರ್ ಹಬೀಬುರ್ರಹ್ಮಾನ್ ಕಿಟಕಿಯಲ್ಲಿ ಇಣುಕಿ, ಒಂದು ಲೋಟ ನೀರು ಕುಡಿದರು.

"ಏನ್ರೀ ಗಿರಿ ಇದು?"

"ಗೊತ್ತಿಲ್ಲ ಸಾರ್," ಎಂದ ಗಿರಿ. ಅದು ಬಹುಮಟ್ಟಿಗೆ ನಿಜವೇ ಆಗಿತ್ತು.

ಪಾಪಮ್ಮನನ್ನು ಒಳಗೆ ಕರೆದು ಕೂರಿಸಿ ಚಹಾ ತರಿಸಿದರು. ಸರ್ಟಿಫಿಕೇಟ್ ಅಡವಿಟ್ಟರೆ ಸಾಲ ಕೊಡುವ ಪದ್ಧತಿ ಕಂಪನಿಯಲ್ಲಿ ಮೊದಲಿನಿಂದಲೂ ಇತ್ತು. ಆ ದಿನ ಕಣದಲ್ಲಿ ಗಿರಿಗೆ ಅದೊಂದು ನೆನಪಾಗಿರಲಿಲ್ಲ. ಹತ್ತೇ ನಿಮಿಷದಲ್ಲಿ ಜೀಪಿನ ಮುಂಗಡದಷ್ಟು ಹಣ ಪಾಪಮ್ಮನ ಕೈ ಸೇರಿತು. ಹಬೀಬುರ್ರಹ್ಮಾನ್ ಮತ್ತೊಮ್ಮೆ ಹೊರಗೆ ನೋಡಿ ದನಿ ತಗ್ಗಿಸಿದರು.

"ಪಾಪಮ್ಮನವ್ರೆ, ಇವರೆಲ್ಲರ ಸರ್ಟಿಫಿಕೇಟಿಗೂ ಇವತ್ತೇ ದುಡ್ಡು ಕೊಡ್ಬೇಕಾ?"

ಪಾಪಮ್ಮ ನೋಟನ್ನು ಎಣಿಸಿ ಮುಗಿಸಿ ತಲೆಯೆತ್ತಿದಳು.

"ಇವ್ರ ಹತ್ರ ಸರ್ಟಿಫಿಕೇಟ್ ಎಲ್ಲಿದೆ ಸಾರ್? ಇವ್ರು ಬರೀ ಹಾಜರಿಗೆ ಬಂದಿರೋದು."