ಪಕ್ಕದ ಮನೆಯ ಮೂರು ಸಬ್‌ವೂಫರ್‌ಗಳು

ಕಳೆದ ವಾರ ಕೊಪ್ಪಳದ ನಮ್ಮ ಮನೆಯಲ್ಲಿ ಇದ್ದಕ್ಕಿದ್ದಂತೆ ಒಂದು ವಾಸನೆ ಬಂತು. ಟ್ರಾನ್ಸ್‌ಫಾರ್ಮರ್ ಸುರುಳಿಯ ವಾರ್ನಿಷ್ ಕಾದಾಗ ಬರುತ್ತದಲ್ಲ, ಸ್ವಲ್ಪ ಸಿಹಿಯಾದ, ಸ್ವಲ್ಪ ಸುಟ್ಟ ವಾಸನೆ. ನನ್ನ ಗಂಡ ಮನೆಯ ಹಳೆಯ ಆಂಪ್ಲಿಫೈಯರಿಗೆ ತಮ್ಮನ ಮನೆಯಿಂದ ತಂದ ಇನ್ನೊಂದು ಸಬ್‌ವೂಫರ್ ಸೇರಿಸಿ ಸಿನಿಮಾ ನೋಡುತ್ತಿದ್ದರು. ನಾನು ಅಡುಗೆಮನೆಯಿಂದ ಓಡಿಬಂದು ಪ್ಲಗ್ ಕಿತ್ತೆ. ಸದ್ದು ನಿಂತ ಕೂಡಲೇ ಅವರು ತಿರುಗಿ, ಯಾಕೆ ಎಂದು ಕೇಳಿದರು.

ಹಿಂದೊಮ್ಮೆ ಹೀಗೇ ಪ್ಲಗ್ ಕಿತ್ತಾಗ ಒಬ್ಬರು ತಿರುಗಿರಲಿಲ್ಲ...

ನನ್ನ ತವರು ಕಾರಟಗಿ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ನಾವು ಅವರನ್ನು ಕಾಕಾ, ಕಾಕಿ ಎಂದೇ ಕರೆಯುತ್ತಿದ್ದೆವು. ಕಾಕಾ ಹರೆಯದಿಂದಲೂ ಅಕ್ಕಿ ಗಿರಣಿಯಲ್ಲಿ ಭತ್ತ ಸುಲಿಯುವ ಮಷಿನ್ ನೋಡಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದರೆ ಹುಬ್ಬಿನ ಮೇಲೆಲ್ಲ ತೌಡಿನ ಪುಡಿ. ಎದುರಿಗೆ ಸಿಕ್ಕರೆ ನಗುತ್ತಿದ್ದರು. ಹಿಂದಿನಿಂದ ಕರೆದರೆ ನಿಲ್ಲುತ್ತಲೇ ಇರಲಿಲ್ಲ. ಓಣಿಯವರು ಅದನ್ನು ಸೊಕ್ಕು ಅಂದುಕೊಂಡಿದ್ದರು. ನಮ್ಮ ಅವ್ವನೂ ಹಾಗೇ ಅನ್ನುತ್ತಿದ್ದಳು.

ಅಂಥ ಕಾಕಾ ಒಂದು ಸಲ ಗಂಗಾವತಿಗೆ ಹೋಗಿ ಆಂಪ್ಲಿಫೈಯರ್, ಎರಡು ಸ್ಪೀಕರ್, ಒಂದು ಸಬ್‌ವೂಫರ್ ತಂದರು. ಮಕ್ಕಳಿಲ್ಲದ ಮನೆಗೆ ಹಾಡಾದರೂ ಇರಲಿ ಎಂದು ಎಲ್ಲರೂ ಖುಷಿಪಟ್ಟರು. ಸ್ವಲ್ಪ ದಿನಕ್ಕೆ ಇನ್ನೊಂದು ಸಬ್‌ವೂಫರ್ ಬಂತು. ಆಮೇಲೆ ಮತ್ತೊಂದು. ಈಗ ಅವರು ಹಾಡು ಹಚ್ಚಿದರೆ ನಮ್ಮ ಮನೆಯ ಗೋಡೆಯ ಮಾಡದಲ್ಲಿದ್ದ ಸ್ಟೀಲಿನ ತಾಟುಗಳು ತಾವಾಗಿಯೇ ಗಿಲಗಿಲ ಅನ್ನುತ್ತಿದ್ದವು. ಅಪ್ಪ ಹೋಗಿ ಸ್ವಲ್ಪ ಕಡಿಮೆ ಮಾಡಿ ಎಂದು ಕೇಳಿಕೊಂಡ. ಕಾಕಾ ನಕ್ಕು, ತಲೆ ಆಡಿಸಿ, ಒಳಗೆ ಹೋಗಿ ಇನ್ನಷ್ಟು ಜೋರು ಮಾಡಿದರು. ಅಂದಿನಿಂದ ಎರಡು ಮನೆಗಳ ಗಂಡಸರ ನಡುವೆ ಮಾತು ನಿಂತಿತು.

ನಾನು ಆಗಷ್ಟೇ ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಮುಗಿಸಿ ಮನೆಯಲ್ಲಿದ್ದೆ. ಒಂದು ಮಧ್ಯಾಹ್ನ ಕಾಕಿ ಬಂದು ಹಿತ್ತಲ ಬಾಗಿಲಲ್ಲಿ ನಿಂತಳು. ಅವಳದು ಸ್ವಭಾವದಲ್ಲೇ ಮೆಲ್ಲನೆಯ ದನಿ.

“ಆ ಡಬ್ಬಿ ಭಾಳ ಕಾಯ್ತೈತಿ, ಕೈ ಇಡಾಕ ಬರವಲ್ದು. ತಾನ ಬಂದ್ ಆಗ್ತೈತಿ, ತಾನ ಚಾಲೂ ಆಗ್ತೈತಿ. ನಿಮ್ಮ ಕಾಕಾ ಅಂತೂ ನನ್ನ ಮಾತು ಕಿವಿಮ್ಯಾಗ ಹಾಕ್ಕೊಳ್ಳೂದಿಲ್ಲ. ನೀ ಕಲ್ತಾಕಿ, ಒಂದೀಟು ಬಂದು ನೋಡವಾ.”

ಅವ್ವನಿಗೆ ಹೇಳದೆ ಅವಳ ಹಿಂದೆ ಹೋದೆ. ಹೊಸ್ತಿಲು ದಾಟುವಷ್ಟರಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಕಾಕಾ ನಮಗೆ ಬೆನ್ನು ಹಾಕಿ ಮಂಚದ ಮೇಲೆ ಕೂತಿದ್ದರು. ಬರಿಗಾಲುಗಳನ್ನು ಒಂದು ಸಬ್‌ವೂಫರ್ ಡಬ್ಬಿಯ ಮೇಲೆ ಊರಿದ್ದರು. ಆಂಪ್ಲಿಫೈಯರ್ ಗೋಡೆಯ ಗೂಡಿನೊಳಗಿತ್ತು. ಅದರ ಮೇಲೆ ಕಾಕಿ ಹೆಣೆದ ಕ್ರೋಶಾ ಬಟ್ಟೆ. ಗಾಳಿ ಆಡಲು ಎಲ್ಲಿಯೂ ದಾರಿಯಿಲ್ಲ. ಸಬ್‌ವೂಫರ್‌ಗೆಂದು ಇದ್ದ ಒಂದೇ ಜೋಡಿ ತುದಿಗೆ ಮೂರೂ ಡಬ್ಬಿಗಳ ವೈರುಗಳನ್ನು ಹೊಸೆದು ಸಿಕ್ಕಿಸಿದ್ದರು. ಅದೂ ಬಲ್ಬಿಗೆ ಹಾಕುವಂಥ ಸಪೂರ ವೈರು. ಬಟ್ಟೆಯ ಒಂದು ಮೂಲೆ ಆಗಲೇ ಕಂದಾಗಿತ್ತು.

ಬಂದ್ ಮಾಡ್ರಿ ಕಾಕಾ ಎಂದು ಕೂಗಿದೆ. ಮತ್ತೊಮ್ಮೆ, ಗಂಟಲು ಹರಿಯುವಂತೆ ಕೂಗಿದೆ. ಅವರು ಅಲುಗಲಿಲ್ಲ. ಹೋಗಿ ಪ್ಲಗ್ ಕಿತ್ತೆ.

ಹಾಡು ನಿಂತಿತು. ಆ ನಿಶ್ಶಬ್ದದಲ್ಲೂ ಕಾಕಾ ತಲೆ ಎತ್ತಲಿಲ್ಲ. ತಮ್ಮ ಪಾದಗಳನ್ನು ನೋಡಿಕೊಂಡರು. ಅಂಗಾಲನ್ನು ಡಬ್ಬಿಗೆ ಒತ್ತಿದರು, ಸರಿಸಿ ಇನ್ನೊಂದು ಕಡೆ ಒತ್ತಿದರು... ಬಗ್ಗಿ ಅಂಗೈ ಇಟ್ಟು ನೋಡಿದರು. ಆಮೇಲೆ ತಿರುಗಿದರು. ಕೈಯಲ್ಲಿ ಪ್ಲಗ್ ಹಿಡಿದ ನಾನು, ಬಾಗಿಲಲ್ಲಿ ಕಾಕಿ.

ಆ ಮುಖವನ್ನು ಹೇಗೆ ಹೇಳಲಿ. ಬಟ್ಟೆ ಬದಲಿಸುವಾಗ ಬಾಗಿಲು ತೆರೆದವರನ್ನು ಕಂಡಂತೆ ಇತ್ತು ಅವರ ನೋಟ. ನೋಡಬಾರದ್ದನ್ನು ನೋಡಿಬಿಟ್ಟೆ ಎಂದು ನನ್ನ ಮೈಯೂ ಕುಗ್ಗಿತು. ಪ್ಲಗ್ ಎಲ್ಲಿಡುವುದೆಂದು ತಿಳಿಯದೆ ನಿಂತೇ ಇದ್ದೆ.

“ಮಿಲ್ಲಿನ್ಯಾಗ ತಿಳಿದ್ರ ಮಷಿನ್ ಬಿಡಿಸ್ತಾರ,” ಅಂದರು ಕಾಕಾ. “ಯಾರ ಮುಂದೂ ಹೇಳಬ್ಯಾಡವಾ.”

ಕಿವಿ ಮಂದವೆಂದು ಕಾಕಿಗೆ ಗೊತ್ತಿತ್ತು. ಇಷ್ಟೆಂದು ಗೊತ್ತಿರಲಿಲ್ಲ. ಎದುರು ಕೂತರೆ ತುಟಿ ನೋಡಿ ಉತ್ತರ ಕೊಡುತ್ತಿದ್ದರಂತೆ. ಬೆನ್ನ ಹಿಂದೆ ಆಡಿದ ಮಾತಿಗೆ ಮಾತ್ರ ಎಂದೂ ಉತ್ತರವಿಲ್ಲ. ಅವಳು ಬಾಗಿಲ ಚೌಕಟ್ಟು ಹಿಡಿದು ನೆಲಕ್ಕೆ ಕೂತಳು.

“ಇಷ್ಟು ವರ್ಷ ನನ್ನ ಮ್ಯಾಲೆ ಸಿಟ್ಟು ಅಂತ ತಿಳ್ಕೊಂಡಿದ್ದೆ,” ಎಂದಳು. ಆ ಮೆಲುದನಿಯ ಮಾತೂ ಅವರಿಗೆ ಕೇಳಲಿಲ್ಲ. ಏನು ಅಂದಳು ಎಂದು ನನ್ನ ಮುಖ ನೋಡಿದರು. 

ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಅವರೆದುರು ಕೂತು, ತುಟಿ ಕಾಣುವಂತೆ ನಿಧಾನವಾಗಿ ವಿವರಿಸಿದೆ. ಒಂದೊಂದು ಡಬ್ಬಿಯ ವಿದ್ಯುತ್ ತಡೆ ನಾಲ್ಕು ಓಮು. ಈ ಆಂಪ್ಲಿಫೈಯರ್ ತಡೆಯುವುದು ನಾಲ್ಕರವರೆಗೆ, ಅದಕ್ಕಿಂತ ಕೆಳಗೆ ಹೋಗಬಾರದು. ಮೂರನ್ನೂ ಅಕ್ಕಪಕ್ಕ ಕೂಡಿಸಿದರೆ ಓಮು ಒಂದರ ಹತ್ತಿರಕ್ಕೆ ಇಳಿಯುತ್ತದೆ, ಕೊಡಲಾರದಷ್ಟು ಕರೆಂಟನ್ನು ಎಳೆಯುತ್ತದೆ, ಕೊನೆಗೆ ಬೆಂಕಿಯಾಗುತ್ತದೆ. ಎರಡನ್ನು ಒಂದರ ಹಿಂದೊಂದು ಸೇರಿಸಿದರೆ ಎಂಟು ಓಮು. ಸದ್ದು ತುಸು ಕಡಿಮೆ, ಆದರೆ ಅಪಾಯವಿಲ್ಲ.

ಅವರು ಮೂರನೆಯ ಡಬ್ಬಿಯನ್ನು ನೋಡಿದರು. “ಕಡಿಮಿ ಆದ್ರ ಕಾಲಿಗೆ ತಿಳೀತೈತೇನು?”

ಹಾಗಾದರೆ ಗೋಡೆಯ ಮೇಲಿನ ಆ ಎರಡು ಸ್ಪೀಕರ್ ಯಾಕೆ ಎಂದು ಕೇಳಿದೆ. ಕೇಳಬಾರದಿತ್ತು. ಬಂದವರಿಗೆ ಇವನಿಗೆ ಹಾಡು ಕೇಳಿಸುತ್ತದೆ ಅನ್ನಿಸಲಿ ಎಂದು, ಅಂದರು. ಮಾತು ಮುಗಿಯುವ ಮೊದಲೇ ಮುಖ ತಿರುಗಿಸಿದರು.

ಆ ಸಂಜೆಯೇ ಆಂಪ್ಲಿಫೈಯರನ್ನು ಗೂಡಿನಿಂದ ತೆಗೆದು ಗಾಳಿ ಆಡುವಲ್ಲಿ ಇಟ್ಟೆ. ಬಟ್ಟೆ ತೆಗೆಸಿದೆ. ದಪ್ಪ ವೈರು ಹಾಕಿದೆ. ಫ್ರಿಜ್ಜಿನ ಜೊತೆ ಹಂಚಿಕೊಂಡಿದ್ದ ಎಕ್ಸ್‌ಟೆನ್ಶನ್ ಬಿಡಿಸಿ ಗೋಡೆಯ ಪಾಯಿಂಟಿಗೇ ಕೊಟ್ಟೆ. ಎರಡು ಡಬ್ಬಿಗಳನ್ನು ಮಂಚದ ಹಲಗೆಗೆ ತಾಗಿಸಿ ಇಟ್ಟಾಗ, ಸದ್ದು ಅರ್ಧಕ್ಕಿದ್ದರೂ ತಾಳ ಹಲಗೆಯಿಂದ ಮೈಗೆ ಬರುತ್ತಿತ್ತು. ಕಾಕಾ ಹಲಗೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತರು. ನಮ್ಮ ಮನೆಯ ತಾಟುಗಳು ಸುಮ್ಮನಾದವು.

ನಾನು ಯಾರಿಗೂ ಹೇಳಲಿಲ್ಲ. ಆದರೆ ಅಂದಿನಿಂದ ಕಾಕಿ ಗಂಡನ ಎದುರು ನಿಂತು ಜೋರಾಗಿ ಮಾತಾಡತೊಡಗಿದಳು. ಕಳೆದ ವರ್ಷಗಳ ಮಾತನ್ನೆಲ್ಲ ಒಮ್ಮೆಗೇ ಆಡಿ ಮುಗಿಸುವವಳಂತೆ. ಚಹಾ ತಗೋರಿ, ನೀರು ಕಾದಾವು, ಔಷಧಿ ತಗೊಂಡ್ರೇನು... ಎಲ್ಲವೂ ಓಣಿಗೆ ಕೇಳುತ್ತಿತ್ತು. ಓಣಿಗೆ ಅರ್ಥವಾಯಿತು. ಗಿರಣಿಗೂ ಮುಟ್ಟಿತು. ಬೆಲ್ಟ್ ಜಾರುವ ಸಪ್ಪಳ ಕೇಳಿಸದವನು ಮಷಿನ್ ಹತ್ತಿರ ಇರಬಾರದೆಂದು ಅವರನ್ನು ಚೀಲ ಹೊಲಿಯುವ ಕಡೆ ಹಾಕಿದರು. ಅದು ನ್ಯಾಯವೇ ಇರಬಹುದು. ಕಾಕಾ ಒಂದು ದಿನ ಹೋಗಿ, ಮರುದಿನದಿಂದ ಹೋಗಲಿಲ್ಲ.

ಕಿವಿಗೆ ಮಷಿನ್ ಹಾಕಿಸಿಕೊಳ್ಳಿ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ಓಣಿಯ ಕಟ್ಟೆಗೆ ಬಂದು ಕೂರುವುದನ್ನೂ ಬಿಟ್ಟರು. ನಮ್ಮಪ್ಪ ತಾನಾಗಿ ಹೋಗಿ, ತಪ್ಪಾಗಿ ತಿಳಿದೆ ಎಂದು ಕೈ ಹಿಡಿದುಕೊಂಡ. ಅವರು ನಕ್ಕು ತಲೆ ಆಡಿಸಿದರು. ಅಪ್ಪನ ಮಾತು ತಿಳಿಯಿತೋ ಇಲ್ಲವೋ, ಗೊತ್ತಿಲ್ಲ. ನಾನು ಹೋದರಂತೂ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ನನ್ನನ್ನು ಕಂಡರೆ ಆ ಮಧ್ಯಾಹ್ನ ನೆನಪಾಗುತ್ತಿತ್ತೇನೋ. ನಾನೂ ಹೋಗುವುದನ್ನು ಕಡಿಮೆ ಮಾಡಿದೆ.

ಮದುವೆಯಾಗಿ ಕೊಪ್ಪಳಕ್ಕೆ ಬರುವ ಮೊದಲು ಹೇಳಿಹೋಗಲು ಹೋಗಿದ್ದೆ. ಬಾಗಿಲು ತೆರೆದೇ ಇತ್ತು. ಗಂಡ ಹೆಂಡತಿ ಮಂಚದ ಮೇಲೆ ಜೋಡಿಯಾಗಿ ಕೂತಿದ್ದರು. ಕಾಕಾ ಅವಳ ಅಂಗೈಯನ್ನು ಹಲಗೆಗೆ ಒತ್ತಿ ಹಿಡಿದು, ತಾಳ ಬಂದಾಗಲೆಲ್ಲ ಅವಳ ಮುಖ ನೋಡುತ್ತಿದ್ದರು. ನಾನು ಹೊಸ್ತಿಲಿನಿಂದಲೇ ಹಿಂದಿರುಗಿದೆ. ಅದೇ ಕೊನೆ. ಕಾಕಾ ತೀರಿಕೊಂಡಾಗ ನಾನು ಹೆರಿಗೆಗೆ ಆಸ್ಪತ್ರೆಯಲ್ಲಿದ್ದೆ. ಸುದ್ದಿ ತಡವಾಗಿ ಬಂತು.

ಕಾಕಿ ಈಗ ಸಿದ್ದಾಪುರದಲ್ಲಿ ತಂಗಿಯ ಜೊತೆ ಇದ್ದಾಳೆ. ಮೊನ್ನೆ ಫೋನ್ ಮಾಡಿದ್ದೆ. ಅವಳ ಮೆಲುದನಿ ಮರಳಿಲ್ಲ. ಚೆನ್ನಾಗಿದ್ದೀಯಾ, ಮಗು ಹೇಗಿದೆ ಎಂದು, ಬೆನ್ನು ಹಾಕಿ ಕೂತ ಯಾರಿಗೋ ಕೇಳಿಸಬೇಕೆಂಬಂತೆ ಕೂಗಿ ಕೇಳಿದಳು. ಪಕ್ಕದ ಕೋಣೆಯಿಂದ ನನ್ನ ಗಂಡ, ಸ್ವಲ್ಪ ಮೆತ್ತಗೆ ಮಾತಾಡಲು ಹೇಳಬಾರದೇ ಅಂದರು.

ನಾನು ಫೋನನ್ನು ಕಿವಿಯಿಂದ ತುಸು ದೂರ ಹಿಡಿದು, ಅವಳ ಮಾತು ಮುಗಿಯುವವರೆಗೂ ಕೇಳಿದೆ.