ಡೀಸಲ್‌ನಲ್ಲಿ ತೊಳೆದ ಬ್ರೇಕು

ಲಾರಿಯ ಹಿಂದಿನ ಬ್ರೇಕು ಕಿರುಗುಟ್ಟತೊಡಗಿದಾಗ, ಭಾನುವಾರ ಇಬ್ಬರೂ ಕೂತು ಬಿಚ್ಚಿ ತೊಳೆಯೋಣ ಎಂದು ಗಂಡನಿಗೆ ನಾನೇ ಹೇಳಿದ್ದೆ. ಹಂಗಳದ ಸುತ್ತಿನ ಹೊಲಗಳಿಂದ ಕೋಸು, ಬೀಟ್‌ರೂಟು ತುಂಬಿಕೊಂಡು ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ಓಡುವ ಹಳೆಯ ಮಿನಿ ಲಾರಿ ಅದು. ಓಡಿಸುವುದು ಗಂಡ, ರಿಪೇರಿ ನನ್ನದು. ಬೇಗೂರಿನ ಹೆದ್ದಾರಿ ಪಕ್ಕ ಅಪ್ಪನ ಗ್ಯಾರೇಜಿತ್ತು. ಅಲ್ಲೇ ಬೆಳೆದವಳು ನಾನು.

ಆ ಭಾನುವಾರ ಗಂಡನ ಅಣ್ಣ ಬಂದಿಳಿದರು. ನನ್ನ ಭಾವ ಚಾಮರಾಜನಗರದಲ್ಲಿ ಬಸ್ ಡಿಪೋದಲ್ಲಿದ್ದವರು. ಕೆಲಸ ಮಾಡಿದ್ದು ಟಿಕೆಟ್ ವಿಭಾಗದಲ್ಲಿ. ಆದರೆ ನಿವೃತ್ತರಾದ ಮೇಲೆ ಅವರು ಮಾತಾಡುವುದನ್ನು ಕೇಳಿದವರಿಗೆ, ಡಿಪೋದ ಬಸ್ಸುಗಳೆಲ್ಲ ಇವರ ಕೈಯಲ್ಲೇ ಹುಟ್ಟಿದವೇನೋ ಅನ್ನಿಸಬೇಕು. ಜಾಕಿ ಕಂಡದ್ದೇ ತಡ, ಷರಟಿನ ತೋಳು ಮಡಚಿದರು.

"ಎದ್ದೇಳ್ಲಾ ಅತ್ಲಾಗೆ, ನಾ ನೋಡ್ತೀನಿ," ಎಂದರು ತಮ್ಮನಿಗೆ. ತಮ್ಮ ಎದ್ದು ನಿಂತ. ಅಷ್ಟು ವಿಧೇಯತೆ ಅವನಲ್ಲಿದೆಯೆಂದು ನನಗೆ ಮದುವೆಯಾಗಿ ಇಷ್ಟು ವರ್ಷವಾದರೂ ಗೊತ್ತಿರಲಿಲ್ಲ.

ಚಕ್ರವೇನೋ ಬಿಚ್ಚಿತು. ಅದರ ಹಿಂದಿನ ಬ್ರೇಕ್ ಡ್ರಮ್ಮು ಬರಲಿಲ್ಲ. ಸವೆದ ಡ್ರಮ್ಮಿನ ಒಳಗೆ ಬ್ರೇಕ್ ಶೂಗಳು ಕಚ್ಚಿಕೊಂಡಿದ್ದರೆ ಹಿಂದಿನ ತೂತಿನಿಂದ ಸ್ಕ್ರೂಡ್ರೈವರ್ ತೂರಿಸಿ, ಅವುಗಳನ್ನು ಅಗಲಿಸಿ ಹಿಡಿಯುವ ಅಡ್ಜಸ್ಟರ್ ಸಡಿಲಿಸಬೇಕು; ಆಗ ಡ್ರಮ್ಮು ತಾನಾಗಿ ಕೈಗೆ ಬರುತ್ತದೆ. ಹಾಗೆಂದೆ. ಭಾವನಿಗೆ ಕಿವಿಯಿದ್ದದ್ದು ಕನ್ನಡಕ ಸಿಕ್ಕಿಸಿಕೊಳ್ಳಲು ಮಾತ್ರ. ಸುತ್ತಿಗೆ ತೆಗೆದುಕೊಂಡು ಬಡಿದೇ ಬಡಿದರು. ಕೊನೆಗೆ ಅವರು ಬೆವರೊರೆಸಿಕೊಳ್ಳಲು ಅತ್ತ ತಿರುಗಿದಾಗ ನನ್ನ ಗಂಡ ಬಗ್ಗಿ ಕಳ್ಳನ ಹಾಗೆ ಅಡ್ಜಸ್ಟರ್ ಸಡಿಲಿಸಿದ. ಭಾವ ಇತ್ತ ತಿರುಗಿ ಎಳೆದರು, ಡ್ರಮ್ಮು ಬಂತು. "ನೋಡ್ದಾ? ಏಟು ಬೀಳ್ಬೇಕು ಕಣ್ಲಾ," ಎಂದರು.

ಒಳಗಿದ್ದ ಕಪ್ಪು ಧೂಳನ್ನು ಬಾಯಿಂದ ಊದಿ, ಮುಖವೆಲ್ಲ ಮಸಿಯಾಗಿ ಕೆಮ್ಮಿದರು. ಎದೆಗಿಳಿದರೆ ಕೆಟ್ಟದೆಂದು ಆ ಧೂಳನ್ನು ಒದ್ದೆ ಮಾಡದೆ ಮುಟ್ಟಲು ಅಪ್ಪ ಯಾರನ್ನೂ ಬಿಡುತ್ತಿರಲಿಲ್ಲ. ಅದೂ ಹೋಗಲಿ. ಆಮೇಲೆ ಅವರು ಡೀಸಲ್ ಡಬ್ಬಿ ತಂದು ಬ್ರೇಕ್ ಶೂಗಳ ಮೇಲೆ ಸುರಿದು, ಬ್ರಷ್ಷಿನಿಂದ ಉಜ್ಜತೊಡಗಿದಾಗ ನನಗೆ ತಡೆಯಲಾಗಲಿಲ್ಲ.

"ಭಾವ, ಆಕ್ಬ್ಯಾಡಿ! ಶೂ ಮ್ಯಾಲಿನ ಲೈನರ್‌ಗೆ ಎಣ್ಣೆ ತಾಗುದ್ರೆ ಬ್ರೇಕ್ ಇಡಿಯಾಕಿಲ್ಲ."

"ಡಿಪೋದಲ್ಲಿ ಇಂಗೇ ತೊಳೀತಿದ್ದುದು ಕಣಮ್ಮಿ. ನೀ ಒಳಿಕ್ ಓಗಿ ಕಾಫಿ ಕಾಯ್ಸು."

ಗಂಡನ ಮುಖ ನೋಡಿದೆ. ಅವನು ನಮ್ಮ ನುಗ್ಗೇಮರದಲ್ಲಿ ಎಷ್ಟು ಕಾಯಿ ಬಿಟ್ಟಿದೆ ಎಂದು ನೋಡುತ್ತಿದ್ದ. ಕಾಫಿ ಕಾಯಿಸಿದೆ. ಸಕ್ಕರೆ ಹಾಕಲಿಲ್ಲ.

ಎರಡೂ ಹಿಂಚಕ್ರಗಳಿಗೆ ಅದೇ ಅಭಿಷೇಕ ನಡೆಯಿತು. ಎಲ್ಲ ಜೋಡಿಸಿ ಭಾವ ತಾವೇ ಸ್ಟೇರಿಂಗ್ ಹಿಡಿದರು. ಗಂಡ ಪಕ್ಕದಲ್ಲಿ ಹತ್ತಲು ಹೋದ. ರಟ್ಟೆ ಹಿಡಿದು ಕೆಳಗೆಳೆದೆ. ಮನೆಯ ಮುಂದಿನ ಓಣಿ ಇಳಿಜಾರು. ಅದರ ತುದಿಯಲ್ಲಿ ರಸ್ತೆ ತಿರುಗುತ್ತದೆ. ತಿರುವಿನಲ್ಲಿ ಚೆಂಡುಹೂವಿನ ಹೊಲ. ಅಲ್ಲಿ ಕೇರಳದಿಂದ ಬಂದ ಒಂದು ಕುಟುಂಬ ಫೋಟೊ ತೆಗೆಸಿಕೊಳ್ಳುತ್ತಿತ್ತು.

ಭಾವ ಬ್ರೇಕ್ ಒತ್ತಿದರು. ಹಿಂದಿನ ಚಕ್ರಗಳು ಹಿಡಿಯಲೇ ಇಲ್ಲ. ಮುಂದಿನವು ಅರೆಬರೆ ಹಿಡಿದು, ಲಾರಿ ಒಂದು ಪಕ್ಕಕ್ಕೆ ಎಳೆದುಕೊಂಡು ಬೇಲಿ ಮುರಿದು ಹೊಲಕ್ಕೆ ನುಗ್ಗಿತು. ಆ ಕುಟುಂಬ ಮಲಯಾಳಂನಲ್ಲಿ ಕೂಗುತ್ತ ಚೆಲ್ಲಾಪಿಲ್ಲಿ ಓಡಿತು. ಅವರ ಜೊತೆಗಿದ್ದ ಪುಟ್ಟ ಹುಡುಗಿಯನ್ನು ಕಂಡು ನಾನೂ ಕೂಗುತ್ತ ಓಡಿದೆ. ಯಾರಿಗೂ ಏನೂ ಆಗಲಿಲ್ಲ. ಮೆತ್ತನೆಯ ಮಣ್ಣಿನಲ್ಲಿ ಲಾರಿ ಹೂತು ನಿಂತಿತು.

ಹೊಲದೊಡತಿ ಮುದುಕಿ ಕುಡುಗೋಲು ಹಿಡಿದೇ ಬಂದಳು. "ಯಾವನ್ಲಾ ಅವ್ನು, ಇಳೀಲಾ ಕೆಳೀಕೆ!" ಭಾವ ಇಳಿದರು. "ಈಗಿನ್ ಸಾಮಾನೇ ಸರಿಯಿಲ್ಲ ಕಣವ್ವ," ಎಂದು ಸಮಾಧಾನ ಹೇಳಿದರು. ಸಂಜೆಯ ಬಸ್ಸಿಗೆ ಊರಿಗೆ ಹೊರಟರು. ಲಾರಿಯನ್ನು ಟ್ರ್ಯಾಕ್ಟರ್ ಎಳೆಯಬೇಕಾಯಿತು.

ಮರುದಿನ ನಾನು ಡೀಸಲ್ ಕುಡಿದ ಲೈನರ್‌ಗಳನ್ನು ಕಿತ್ತು ಬಿಸಾಕಿ ಹೊಸವು ಹಾಕಿಸಿದೆ. ಡ್ರಮ್ಮುಗಳನ್ನು ಸೋಪುನೀರಿನಲ್ಲಿ ತೊಳೆದು, ಒಣಗಿಸಿ, ಉಪ್ಪುಕಾಗದ ಹಾಕಿ ಉಜ್ಜಿದೆ. ಚಕ್ರ ಕೈಗೆ ತಿರುಗದಷ್ಟು ಅಡ್ಜಸ್ಟರ್ ಬಿಗಿ ಮಾಡಿ, ಆಮೇಲೆ ಶೂ ಸಣ್ಣಗೆ ಸವರುವ ಸದ್ದು ಮಾತ್ರ ಕೇಳುವವರೆಗೆ ಸಡಿಲಿಸಿದೆ. ಎರಡೂ ಕಡೆ ಒಂದೇ ಸಮ. ಗಂಡ ಪೆಡಲ್ ಒತ್ತುತ್ತ ಕೂತಿದ್ದ.

"ಅಣ್ಣ ಅಂತ ಸುಮ್ಕಿದ್ದೆ," ಎಂದ.

"ಆ ಕೂಸು ಸತ್ತೋಗಿದ್ರೂ ಸುಮ್ಕಿರ್ತಿದ್ರಾ?" ಎಂದೆ. ಅವನು ಪೆಡಲ್ ಒತ್ತುವುದನ್ನು ನಿಲ್ಲಿಸಿದ. ಮೂರ್ಖನನ್ನು ಕಂಡರೆ ನನಗೆ ಅಷ್ಟು ಸಿಟ್ಟಿಲ್ಲ. ಮೂರ್ಖನೆಂದು ಗೊತ್ತಿದ್ದೂ ಜಾಗ ಬಿಟ್ಟು ನಿಲ್ಲುವವರಿಗೆ ಏನು ಹೇಳುವುದು?

ಕೆಲವು ತಿಂಗಳ ಮೇಲೆ ಉಮ್ಮತ್ತೂರಿನಲ್ಲಿ ನಂಟರ ಮದುವೆ. ಊಟದ ಪಂಕ್ತಿಯಲ್ಲಿ ಭಾವ ಎಲೆಯ ಮುಂದೆ ಕೂತು ಪಕ್ಕದವರಿಗೆ ಹೇಳುತ್ತಿದ್ದರು: "ನಮ್ ತಮ್ಮನ್ ಲಾರಿ ಬ್ರೇಕು ನಾನೇ ಮಾಡ್ಕೊಟ್ಟಿದ್ದು. ಈಗ್ಲೂ ಕಲ್ಲಂಗ್ ನಿಂತದೆ."

ನನ್ನ ಗಂಡ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ. "ಇಲ್ಲ ಕಣಣ್ಣ," ಎಂದ. "ನೀ ಕೆಡಿಸ್ದೆ. ಮಾಡಿದ್ದು ಇವ್ಳು."

ಭಾವ ಕೇಳಿಸದವರಂತೆ ಸಾರಿನವನನ್ನು ಕರೆದರು. ಗಂಡ ನನ್ನತ್ತ ನೋಡಿದ, ಮೆಚ್ಚುಗೆಗೆ ಕಾದವನ ಹಾಗೆ. ನಾನು ತಲೆಯೆತ್ತದೆ ಊಟ ಮಾಡಿದೆ. ಇಷ್ಟು ಮಾತಿಗೆ ಒಂದು ಹೊಲ ಹಾಳಾಗಬೇಕಿತ್ತೇ?